ಕೋಚ್ ಬೇಕಾ, ಮೆಂಟರ್ ಬೇಕಾ: ನಾನು ಆರಿಸಿಕೊಂಡ ಬಗೆ

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಟೀಮ್ ಲೀಡ್ ಆದ ಮೇಲೆ ಎರಡು ತಲೆನೋವು ಒಟ್ಟಿಗೆ ಶುರುವಾದವು. ಮುಂದೆ ಮ್ಯಾನೇಜರ್ ಆಗಬೇಕಾ, ಇಲ್ಲ ಆಟೋಮೇಷನ್ ಆರ್ಕಿಟೆಕ್ಟ್ ಆಗಿ ಟೆಕ್ನಿಕಲ್ ಕೆಲಸದಲ್ಲೇ ಉಳಿಯಬೇಕಾ ಅನ್ನುವುದು ಒಂದು. ಇನ್ನೊಂದು, ಟೀಮಿನಲ್ಲಿ ಜನ ಇದ್ದರೂ ಮುಖ್ಯವಾದ ಕೆಲಸವನ್ನೆಲ್ಲ ನಾನೇ ಇಟ್ಟುಕೊಳ್ಳುತ್ತಿದ್ದೆ. ಬಿಟ್ಟುಕೊಡಲು ಮನಸ್ಸೇ ಬರುತ್ತಿರಲಿಲ್ಲ. "ಕೋಚ್ ತಗೋ" ಅಂದರು ಕೆಲವರು, "ಒಳ್ಳೆ ಮೆಂಟರ್ ಹಿಡಿ" ಅಂದರು ಇನ್ನು ಕೆಲವರು.

ನಾನು ಎರಡು ಪ್ರಶ್ನೆಗಳನ್ನೂ ಬೇರೆ ಬೇರೆ ಮಾಡಿ ನೋಡಿದೆ. ಮೊದಲನೆಯದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಆ ದಾರಿಯಲ್ಲಿ ನಡೆದವರೇ ಹೇಳಬೇಕು. ಎರಡನೆಯದಕ್ಕೆ ಉತ್ತರ ಗೊತ್ತೇ ಇತ್ತು. ಕೆಲಸ ಹಂಚಬೇಕು, ಅಷ್ಟೇ ಅಲ್ವಾ? ಗೊತ್ತಿದ್ದೂ ಮಾಡುತ್ತಿರಲಿಲ್ಲ. ಅಂಥ ಕಡೆ ಇನ್ನೊಬ್ಬರ ಸಲಹೆ ಸೇರಿಸಿ ಏನು ಬಂತು? ಹಾಗಾಗಿ ಮೊದಲನೆಯದಕ್ಕೆ ತಮ್ಮ ಅನುಭವದಿಂದ ಸಲಹೆ ಕೊಡುವ ಮೆಂಟರ್, ಎರಡನೆಯದಕ್ಕೆ ಪ್ರಶ್ನೆ ಕೇಳಿ ನನ್ನಿಂದಲೇ ಉತ್ತರ ಹೊರಡಿಸುವ ಕೋಚ್ ಅಂತ ತೀರ್ಮಾನಿಸಿದೆ.

ಮೊದಲು ಮೆಂಟರ್. ಕಂಪನಿಯದೇ ಒಂದು ಮೆಂಟರಿಂಗ್ ಯೋಜನೆ ಇತ್ತು. ಎಕ್ಸೆಲ್ ಶೀಟ್ ನೋಡಿ ಜೋಡಿ ಮಾಡುತ್ತಿದ್ದರು. ಅಂಥ ಜೋಡಿ ಬಹಳ ದಿನ ಉಳಿದದ್ದನ್ನು ನಾನಂತೂ ನೋಡಿಲ್ಲ. ಹಾಗಾಗಿ ಹಳೆ ಕಂಪನಿಯ ಸೀನಿಯರ್ ಮೇಡಂ ಒಬ್ಬರಿಗೆ ಮೆಸೇಜ್ ಮಾಡಿದೆ. "ನನ್ನ ಮೆಂಟರ್ ಆಗ್ತೀರಾ" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಯಾರಾದರೂ ಹಿಂಜರಿಯುತ್ತಾರೆ. "ಮೇಡಂ, ನೀವು ಆರ್ಕಿಟೆಕ್ಟ್ ಕೆಲಸ ಬಿಟ್ಟು ಮ್ಯಾನೇಜರ್ ಆಗಿದ್ದು ಯಾಕೆ? ಅರ್ಧ ಗಂಟೆ ಸಿಗ್ತೀರಾ?" ಅಂದೆ. ಜಯನಗರದ ದರ್ಶಿನಿಯೊಂದರಲ್ಲಿ ಸಿಕ್ಕರು. ಆಮೇಲೂ ಸಿಗುತ್ತಾ ಹೋದರು. ಅದಕ್ಕೆ ಕಾರಣ, ಅವರು ಹೇಳಿದ್ದನ್ನು ಮಾಡಿ ನೋಡಿ, ಏನಾಯಿತು ಅಂತ ಪ್ರತಿ ಸಲ ತಿಳಿಸುತ್ತಿದ್ದೆ ಅನ್ನುವುದು ನನ್ನ ಲೆಕ್ಕ.

ಹೇಳಿದ್ದನ್ನೆಲ್ಲ ಒಪ್ಪಿದೆ ಅಂತಲ್ಲ. ಅವರು ವೈಟುಕೆ ಕಾಲದಲ್ಲಿ, ಅಂದರೆ 2000ದ ಆಸುಪಾಸಿನಲ್ಲಿ, ಕೆಲಸಕ್ಕೆ ಸೇರಿದವರು. ಆಗ ಬೆಳೆಯಬೇಕು ಅಂದರೆ ಆನ್‌ಸೈಟ್, ಅಂದರೆ ವಿದೇಶದ ಕ್ಲೈಂಟ್ ಆಫೀಸಿಗೆ, ಹೋಗಬೇಕಿತ್ತು, ಯಾಕಂದರೆ ತೀರ್ಮಾನಗಳು ಕ್ಲೈಂಟ್ ಇರುವ ಕಡೆ ಆಗುತ್ತಿದ್ದವು. ನನಗೂ ಅದನ್ನೇ ಹೇಳಿದರು. ಈಗ ಎಷ್ಟೋ ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳೇ ಬೆಂಗಳೂರಲ್ಲಿವೆ. ಆ ಸಲಹೆಯನ್ನು ಪಕ್ಕಕ್ಕಿಟ್ಟೆ. ಆದರೆ "ನಿಮ್ಮ ಮ್ಯಾನೇಜರ್ ಕ್ಯಾಲೆಂಡರ್ ಒಂದು ವಾರದ್ದು ನೋಡು, ಆ ವಾರ ನಿನಗೆ ಬೇಕಾ ಅಂತ ಯೋಚನೆ ಮಾಡು" ಅಂದದ್ದು ಚಿನ್ನದಂಥ ಮಾತು. ನೋಡಿದೆ. ಇಂಟರ್‌ವ್ಯೂ, ಅಪ್ರೈಸಲ್, ಬಜೆಟ್, ಎಸ್ಕಲೇಷನ್. ಬಜೆಟ್ ಬಿಟ್ಟು ಉಳಿದದ್ದು ನನಗೆ ಬೇಕು ಅನಿಸಿತು. ಮ್ಯಾನೇಜರ್ ದಾರಿಯನ್ನೇ ಹಿಡಿದೆ.

ಕೋಚ್ ಖರ್ಚು ಕಂಪನಿಯದು, ಆದರೆ ಆರಿಸಿದ್ದು ನಾನು. ನಮ್ಮಲ್ಲಿ ಕೋಚ್ ಆಗಲು ಲೈಸೆನ್ಸ್ ಏನೂ ಬೇಕಿಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಅದಕ್ಕೇ ತರಬೇತಿಯ ಬಗ್ಗೆ ಕೇಳಿದೆ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ (ಐಸಿಎಫ್) ಕೊಡುವ ಸರ್ಟಿಫಿಕೇಟ್‌ಗಳಲ್ಲಿ ಮೊದಲ ಹಂತವಾದ ಎಸಿಸಿಗೆ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಮುಂದಿನ ಪಿಸಿಸಿಗೆ 125 ಮತ್ತು 500. ಇಷ್ಟಿದ್ದರೆ ಕೋಚ್ ಒಳ್ಳೆಯವರೇ ಅಂತಲ್ಲ, ಜರಡಿ ಹಿಡಿಯಲು ಒಂದು ದಾರಿ ಅಷ್ಟೇ. ಒಬ್ಬರು "ಆರು ತಿಂಗಳಲ್ಲಿ ಪ್ರಮೋಷನ್ ಗ್ಯಾರಂಟಿ" ಅಂದರು. ದೂರದಿಂದಲೇ ನಮಸ್ಕಾರ ಹಾಕಿದೆ. ಇನ್ನೊಬ್ಬರು ಮೊದಲ ಕಾಲ್ ಪೂರ್ತಿ ತಮ್ಮ ಕಥೆಯನ್ನೇ ಹೇಳಿದರು. ನಾನು ಒಪ್ಪಿಕೊಂಡವರು ಜಾಸ್ತಿ ಮಾತೇ ಆಡಲಿಲ್ಲ. "ಇಲ್ಲಿ ಆಡಿದ್ದು ಎಚ್‌ಆರ್‌ಗೆ ಹೋಗುತ್ತಾ?" ಅಂತ ಕೇಳಿದ್ದಕ್ಕೆ, ಗುರಿ ಏನು, ನಾನು ಸೆಷನ್‌ಗೆ ಬಂದೆನಾ ಅನ್ನುವುದು ಮಾತ್ರ ಹೋಗುತ್ತದೆ ಅಂತ ಬರೆದುಕೊಟ್ಟರು. ಇದನ್ನು ಕೇಳದೆ ಯಾರೂ ಕೂರಬೇಡಿ.

ಅವರು ಕೇಳಿದ ಒಂದು ಪ್ರಶ್ನೆ ನೆನಪಿದೆ: "ಆ ಕೆಲಸ ನಿಮ್ಮ ಹತ್ತಿರವೇ ಇದ್ದರೆ ನಿಮಗೇನು ಸಿಗುತ್ತೆ?" ಸುಮ್ನೆ ಕೂತೆ. ರಿಲೀಸ್ ರಾತ್ರಿ ಎಲ್ಲರೂ ನನಗೇ ಫೋನ್ ಮಾಡುತ್ತಾರೆ, ಅದು ನನಗೆ ಇಷ್ಟ. ಈ ಉತ್ತರವನ್ನು ಯಾವ ಮೆಂಟರ್ ಹೇಳಲು ಸಾಧ್ಯವಿತ್ತು? ಆಮೇಲೆ ಸಣ್ಣ ಪ್ರಯೋಗ ಶುರು ಮಾಡಿದೆವು. ರಿಲೀಸ್ ಸೈನ್‌ಆಫ್, ಅಂದರೆ ಸಾಫ್ಟ್‌ವೇರ್ ಹೊರಬಿಡಲು ಕೊನೆಯ ಒಪ್ಪಿಗೆ ಕೊಡುವ ಕೆಲಸವನ್ನು, ಒಬ್ಬ ಜೂನಿಯರ್‌ಗೆ ಕೊಟ್ಟೆ, ಆ ಕಾಲ್‌ಗೆ ನಾನು ಹೋಗಲಿಲ್ಲ. ಒಮ್ಮೆ ಒಂದು ಬಗ್ ತಪ್ಪಿಸಿಕೊಂಡು ಪ್ರೊಡಕ್ಷನ್‌ಗೆ, ಅಂದರೆ ಬಳಕೆದಾರರ ಕೈಗೇ, ಹೋಯಿತು. ಅವನೇ ಹುಡುಕಿ ಸರಿ ಮಾಡಿಸಿದ. ನಾನು ಲ್ಯಾಪ್‌ಟಾಪ್ ತೆಗೆಯದೆ ಕೂತದ್ದೇ ದೊಡ್ಡ ಕೆಲಸ.

ಪ್ರಮೋಷನ್‌ಗಾಗಿಯೇ ನೀವು ಕೋಚ್ ಅಥವಾ ಮೆಂಟರ್ ಹುಡುಕುತ್ತಿದ್ದರೆ ಒಂದು ಮಾತು. ಪ್ರಮೋಷನ್ ಮೀಟಿಂಗ್‌ನಲ್ಲಿ ಕೋಚ್ ಇರುವುದಿಲ್ಲ. ಬೇರೆ ಕಂಪನಿಯ ಮೆಂಟರ್ ಕೂಡ ಇರುವುದಿಲ್ಲ. ಅಲ್ಲಿ ನಿಮ್ಮ ಹೆಸರು ಎತ್ತುವವರು ನಿಮ್ಮ ಕಂಪನಿಯ ದೊಡ್ಡವರೇ ಆಗಬೇಕು, ಅವರಿಗೆ ನಿಮ್ಮ ಕೆಲಸ ಕಾಣಬೇಕು.

ಕಂಪನಿ ದುಡ್ಡು ಕೊಡದಿದ್ದರೆ ಕೋಚ್ ಫೀಸ್ ಭಾರವೇ. ನನ್ನ ಗೆಳತಿ ತರಬೇತಿಯಲ್ಲಿದ್ದ ಕೋಚ್ ಒಬ್ಬರನ್ನು ಹಿಡಿದಳು. ಎಸಿಸಿಗೆ ಬೇಕಾದ ಆ 100 ಗಂಟೆ ತುಂಬಿಸಲು ಅವರಿಗೂ ಜನ ಬೇಕು, ಹಾಗಾಗಿ ಕಡಿಮೆ ಫೀಸಿಗೆ ಒಪ್ಪುವವರು ಸಿಗುತ್ತಾರೆ. ಅವರ ತರಬೇತಿ ಎಲ್ಲಿ ನಡೆಯುತ್ತಿದೆ, ಅವರ ಸೆಷನ್‌ಗಳನ್ನು ಯಾರು ನೋಡಿ ತಿದ್ದುತ್ತಾರೆ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.