ಏರಿನಲ್ಲಿ ಕಾಲು ಸೋತಾಗ ಹೇಳಿಕೊಳ್ಳುವ ಮಾತು

21 ಕಿಲೋಮೀಟರ್ ಓಟಕ್ಕೆ ತಯಾರಿ ಮಾಡುತ್ತಿರುವವರಿಗೆ ಒಂದು ಸಲಹೆ. ನಾನು ಭಾನುವಾರ ಬೆಳಗ್ಗೆ ಮಲ್ಪೆಯಿಂದ ಮಣಿಪಾಲಕ್ಕೆ ಓಡುತ್ತೇನೆ. ಉಡುಪಿವರೆಗೆ ಪರವಾಗಿಲ್ಲ, ಆದರೆ ಇಂದ್ರಾಳಿ ದಾಟಿ ಏರು ಶುರುವಾದಾಗ, ನಮ್ಮ ಕರಾವಳಿಯ ಸೆಕೆಗೆ ಬನಿಯನ್ ಮೈಗೆ ಅಂಟಿಕೊಂಡು, ‘ಸಾಕು, ನಿಲ್ಲಿಸು’ ಅಂತ ಮನಸ್ಸು ಹಟ ಹಿಡಿಯುತ್ತದೆ. ಆಗ ನನ್ನನ್ನು ಮೇಲೆ ಹತ್ತಿಸುವುದು ಒಂದು ತುಳು ಮಾತು: ‘ಮೆಲ್ಲ ಮೆಲ್ಲ, ದುಂಬು ದುಂಬು’ (ನಿಧಾನ ನಿಧಾನ, ಮುಂದೆ ಮುಂದೆ). ಹೆಜ್ಜೆಗೊಂದು ಪದ. ನಾಲ್ಕು ಹೆಜ್ಜೆಗೆ ಒಂದು ಸುತ್ತು. ಉಸಿರೂ ತಾನಾಗಿ ಲಯಕ್ಕೆ ಬರುತ್ತದೆ.

ನಿಮ್ಮ ಮನೆಮಾತಿನಲ್ಲೇ ಆರಿಸಿಕೊಳ್ಳಿ, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಯಾವುದಾದರೂ ಸರಿ. ಚಿಕ್ಕದಾಗಿರಲಿ. ‘ನೋವಿಲ್ಲ’ ಅನ್ನುವಂಥದ್ದು ಬೇಡ, ಗಮನ ನೋವಿನ ಕಡೆಗೇ ಹೋಗುತ್ತದೆ ಅಲ್ವಾ? ಇದು ಸುಮ್ನೆ ನಂಬಿಕೆಯಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡು ವಾರ ಹೀಗೆ ತಮ್ಮೊಳಗೇ ಮಾತಾಡಿಕೊಳ್ಳುವುದನ್ನು ಕಲಿತವರು ಸುಸ್ತಾಗಿ ನಿಲ್ಲುವ ಮೊದಲು ಸುಮಾರು 18% ಜಾಸ್ತಿ ಹೊತ್ತು ಸೈಕಲ್ ತುಳಿದರು.

ಸ್ಪರ್ಧೆಯ ದಿನವೇ ಶುರು ಮಾಡಬೇಡಿ, ವಾರದ ಓಟಗಳಲ್ಲೇ ಬಾಯಿಪಾಠ ಆಗಿರಲಿ. ಮತ್ತೆ, ಇದು ಸುಸ್ತಿಗೆ ಮಾತ್ರ. ಎದೆ ನೋವು, ತಲೆಸುತ್ತು ಬಂದರೆ ದಯವಿಟ್ಟು ಅಲ್ಲೇ ನಿಲ್ಲಿ.