ಕಣ್ಣಿನ ಕುರುಡು ಚುಕ್ಕೆಯನ್ನು ಮನೆಯಲ್ಲೇ ಅಳೆಯುವ ಬಗೆ

ಹೋದ ವರ್ಷ ಅಮ್ಮನನ್ನು ಫೀಲ್ಡ್ ಟೆಸ್ಟ್‌ಗೆ, ಅಂದರೆ ಕಣ್ಣಿಗೆ ಸುತ್ತ ಎಲ್ಲೆಲ್ಲಿ ಕಾಣುತ್ತದೆ ಅಂತ ನೋಡುವ ಪರೀಕ್ಷೆಗೆ, ಕರೆದುಕೊಂಡು ಹೋಗಿದ್ದೆ. ಮನೆಯಲ್ಲಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರಿಗೆ ಈ ಪರೀಕ್ಷೆ ಗೊತ್ತು. ಕತ್ತಲೆ ಕೋಣೆ. ಒಂದು ಕಣ್ಣು ಮುಚ್ಚಿರುತ್ತಾರೆ. ಗದ್ದವನ್ನು ಆಸರೆಯ ಮೇಲಿಟ್ಟು, ಬಿಳಿ ಬೋಗುಣಿಯಂಥ ಯಂತ್ರದೊಳಗೆ ನೋಡಬೇಕು. ನಡುವಿನ ದೀಪದಿಂದ ಕಣ್ಣು ತೆಗೆಯಬಾರದು. ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿನುಗಿದರೆ ಕೈಯಲ್ಲಿರುವ ಬಟನ್ ಒತ್ತಬೇಕು.

ಸ್ವಲ್ಪ ಹೊತ್ತಿಗೆ ಟೆಸ್ಟ್ ಮಾಡುತ್ತಿದ್ದ ಹುಡುಗಿ, "ಅಜ್ಜಿ, ಕಣ್ಣು ಆಡಿಸ್ತಾ ಇದ್ದೀರ, ನೇರ ನೋಡಿ" ಅಂದಳು. ಅವಳು ಕೂತಿದ್ದು ಯಂತ್ರದ ಆಚೆ ಬದಿಗೆ. ಅಷ್ಟು ಖಚಿತವಾಗಿ ಹೇಗೆ ಹೇಳಿದಳು? ಹೊರಗೆ ಬಂದ ಮೇಲೆ ಕೇಳಿದೆ. "ಕುರುಡು ಚುಕ್ಕೆ ಇರೋ ಜಾಗದಲ್ಲೂ ಆಗಾಗ ಬೆಳಕು ಬೀಳುತ್ತೆ ಮೇಡಂ. ಅದು ಕಾಣಬಾರದು. ಅದಕ್ಕೂ ಬಟನ್ ಒತ್ತಿದ್ರೆ, ಕಣ್ಣು ಜರುಗಿದೆ ಅಂತ ಅರ್ಥ" ಅಂದಳು.

ನಾನು ಹೈಸ್ಕೂಲಿನಲ್ಲಿ 20 ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಪ್ರತಿ ಕಣ್ಣಿನಲ್ಲೂ ಇರುವ, ಬೆಳಕು ಬಿದ್ದರೂ ಏನೂ ಕಾಣದ ಈ ಚುಕ್ಕೆಯ ಚಿತ್ರವನ್ನು ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೇನೋ. ನನ್ನ ಕಣ್ಣಿನಲ್ಲಿ ಅದು ಎಲ್ಲಿದೆ, ಎಷ್ಟು ದೊಡ್ಡದು ಅಂತ ಒಂದು ದಿನವೂ ಅಳೆದಿರಲಿಲ್ಲ. ಅವತ್ತು ರಾತ್ರಿಯೇ ಅಳೆದೆ. ನೀವೂ ಅಳೆಯಿರಿ. ಬೇಕಾಗುವುದು ಒಂದು ಎ4 ಹಾಳೆ, ಸ್ಕೇಲು, ಸ್ಕೆಚ್ ಪೆನ್ನು, ಒಂದು ಇಯರ್ ಬಡ್, ಜೊತೆಗೊಬ್ಬರು.

ಮೊದಲು ಚುಕ್ಕೆ ಇದೆ ಅನ್ನುವುದನ್ನು ಕಣ್ಣಾರೆ ನೋಡಿಕೊಳ್ಳಿ. ಹಾಳೆಯ ಎಡಗಡೆ ಒಂದು ಸಣ್ಣ ಗುಣಾಕಾರ ಚಿಹ್ನೆ ಬರೆಯಿರಿ. ಅದೇ ಮಟ್ಟದಲ್ಲಿ, ಬಲಕ್ಕೆ 8 ಸೆಂ.ಮೀ. ದೂರದಲ್ಲಿ, ಅವರೆಕಾಳಿನಷ್ಟು ದಪ್ಪ ಚುಕ್ಕೆ ಇಡಿ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ. ಬಲಗಣ್ಣಿನಿಂದ ಗುಣಾಕಾರವನ್ನೇ ನೋಡುತ್ತಾ ಹಾಳೆಯನ್ನು ಮೆಲ್ಲಗೆ ಮುಖದ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ಹತ್ತಿರ ಬಂದಾಗ ಚುಕ್ಕೆ ಮಾಯವಾಗುತ್ತದೆ. ಇನ್ನೂ ಹತ್ತಿರ ತಂದರೆ ಮತ್ತೆ ಬರುತ್ತದೆ.

ನನ್ನ ಕ್ಲಾಸಿನ ಮಕ್ಕಳಲ್ಲಿ ಅರ್ಧ ಜನಕ್ಕೆ ಮೊದಲ ಸಲ ಇದು ಆಗುವುದೇ ಇಲ್ಲ. ಚುಕ್ಕೆ ಹೋಯಿತಾ ಅಂತ ನೋಡಲು ಕಣ್ಣು ತಾನಾಗಿ ಅತ್ತ ಹೊರಳುತ್ತದೆ. ಹೊರಳಿದ ತಕ್ಷಣ ಚುಕ್ಕೆ ಕಾಣುತ್ತದೆ. ಅವಸರ ಬೇಡ. ನೋಟ ಗುಣಾಕಾರದ ಮೇಲೆ, ಗಮನ ಮಾತ್ರ ಚುಕ್ಕೆಯ ಮೇಲೆ. ಎರಡು ಮೂರು ಸಲಕ್ಕೆ ಇದು ರೂಢಿಯಾಗುತ್ತದೆ.

ಹೀಗಾಗಲು ಕಾರಣ ಕಣ್ಣಿನ ಕಟ್ಟಡ. ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ಒಳಗಿನ ಪರದೆಯಾದ ರೆಟಿನಾದ ಹಿಂದಿನ ಪದರದಲ್ಲಿವೆ. ಅವುಗಳ ಸುದ್ದಿ ಹೊತ್ತೊಯ್ಯುವ ನರದ ಎಳೆಗಳು ಮುಂದಿವೆ. ಸುಮಾರು 10 ಲಕ್ಷ ಎಳೆಗಳು ಒಂದೇ ಕಡೆ ಕಟ್ಟಾಗಿ ಸೇರಿ, ರೆಟಿನಾವನ್ನು ತೂರಿಕೊಂಡು ಮಿದುಳಿನ ಕಡೆ ಹೋಗುತ್ತವೆ. ಆ ತೂತಿನಲ್ಲಿ ಬೆಳಕು ಹಿಡಿಯುವ ಕೋಶಕ್ಕೆ ಜಾಗವೇ ಇಲ್ಲ. (ಆಕ್ಟೋಪಸ್‌ಗೆ ಈ ತೊಂದರೆ ಇಲ್ಲ. ಅದರ ನರಗಳು ಹಿಂದಿನಿಂದಲೇ ಹೊರಡುತ್ತವೆ.) ಫ್ರಾನ್ಸಿನ ಎಡ್ಮ್ ಮಾರಿಯೊಟ್ ಇದನ್ನು 1660ರ ದಶಕದಲ್ಲಿ ಕಂಡುಕೊಂಡ. ಅಲ್ಲಿಯವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ.

ಈಗ ಅಳತೆ. ಹೊಸ ಹಾಳೆಯನ್ನು ಅಡ್ಡಲಾಗಿ ಗೋಡೆಗೆ ಅಂಟಿಸಿ. ಮೇಜನ್ನು ಗೋಡೆಗೆ ತಾಗಿಸಿ, ಅದರ ಮೇಲೆ ಪುಸ್ತಕಗಳನ್ನು ಪೇರಿಸಿ ಗದ್ದ ಊರಿಕೊಳ್ಳಿ. ಕಣ್ಣಿನಿಂದ ಹಾಳೆಗೆ ಸರಿಯಾಗಿ 40 ಸೆಂ.ಮೀ. ಇರಲಿ. ತಲೆ ಒಂದು ಬೆರಳು ಹಿಂದೆ ಮುಂದೆ ಆದರೂ ಅಳತೆ ಕೆಡುತ್ತದೆ, ಹಾಗಾಗಿ ಪುಸ್ತಕದ ಕೆಲಸ ತಪ್ಪಿಸಬೇಡಿ. ಹಾಳೆಯ ಎಡತುದಿಯ ಹತ್ತಿರ, ಕಣ್ಣಿನ ಮಟ್ಟಕ್ಕೆ, ಗುಣಾಕಾರ ಬರೆಯಿರಿ. ಇಯರ್ ಬಡ್‌ನ ಒಂದು ತುದಿಗೆ ಕಪ್ಪು ಮಸಿ ಹಚ್ಚಿ. ಕಡ್ಡಿ ಬಿಳಿ, ಹಾಳೆ ಬಿಳಿ, ಕಾಣುವುದು ಕಪ್ಪು ತುದಿ ಮಾತ್ರ.

ನಮ್ಮನೆಯಲ್ಲಿ ಕಡ್ಡಿ ಹಿಡಿದವಳು ನನ್ನ ಮಗಳು. ನಾನು ಎಡಗಣ್ಣು ಮುಚ್ಚಿ ಗುಣಾಕಾರ ನೋಡುತ್ತಿದ್ದೆ. ಅವಳು ತುದಿಯನ್ನು ಗುಣಾಕಾರದ ಕಡೆಯಿಂದ ಬಲಕ್ಕೆ ಮೆಲ್ಲಗೆ ಜಾರಿಸಿದಳು. ತುದಿ ಮಾಯವಾದಾಗ "ಹೋಯ್ತು" ಅಂದೆ. ಅವಳು ಅಲ್ಲಿ ಪೆನ್ಸಿಲ್ ಗುರುತು ಹಾಕಿದಳು. ಮತ್ತೆ ಕಂಡಾಗ "ಬಂತು" ಅಂದೆ, ಅಲ್ಲೊಂದು ಗುರುತು. ಆಮೇಲೆ ಮೇಲಿನಿಂದ ಕೆಳಗೆ, ಆಮೇಲೆ ಓರೆಯಾಗಿ. ಹತ್ತು ಹನ್ನೆರಡು ಗುರುತಾದ ಮೇಲೆ ಸೇರಿಸಿದರೆ ಮೊಟ್ಟೆಯ ಆಕಾರ ಬಂತು. ನಿಮಗೂ ಸುಮಾರು 4 ಸೆಂ.ಮೀ. ಅಗಲ, ಐದೂವರೆ ಸೆಂ.ಮೀ. ಎತ್ತರ ಬರಬೇಕು. ನಡು ಗುಣಾಕಾರದಿಂದ 11 ಸೆಂ.ಮೀ. ದೂರದಲ್ಲಿ, ಅದಕ್ಕಿಂತ ಒಂದು ಸೆಂ.ಮೀ. ಕೆಳಗೆ ಇರುತ್ತದೆ. ಒಬ್ಬೊಬ್ಬರಿಗೆ ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ಗಾಬರಿ ಬೇಡ.

ಹತ್ತನೇ ಕ್ಲಾಸಿನ ಟ್ಯಾನ್ ಲೆಕ್ಕ ಹಾಕಿದರೆ ದೂರ ಸುಮಾರು 15 ಡಿಗ್ರಿ, ಅಗಲ ಐದೂವರೆ ಡಿಗ್ರಿ. ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ. ಅಂದರೆ ಪಕ್ಕಪಕ್ಕ ಇಟ್ಟ 11 ಚಂದ್ರರು ಈ ತೂತಿನಲ್ಲಿ ಮುಳುಗಿಹೋಗುತ್ತಾರೆ! ಎರಡೂ ಕಣ್ಣು ತೆರೆದಾಗ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ, ಸರಿ. ಆದರೆ ಒಂದೇ ಕಣ್ಣಿನಲ್ಲಿ ನೋಡಿದಾಗಲೂ ಯಾಕೆ ಕಪ್ಪು ಕಾಣುವುದಿಲ್ಲ?

ಅದಕ್ಕೂ ಒಂದು ಪರೀಕ್ಷೆ. ಮೊಟ್ಟೆಯ ಆಕಾರದ ಮೇಲಿನಿಂದ ಕೆಳಗೆ ಉದ್ದಕ್ಕೆ ಒಂದು ದಪ್ಪ ಗೆರೆ ಎಳೆಯಿರಿ. ಆಕಾರದ ಒಳಗೆ ಮಾತ್ರ ಗೆರೆ ತುಂಡಾಗಿರಲಿ. ಗುಣಾಕಾರ ನೋಡಿ. ಗೆರೆ ಇಡಿಯಾಗಿ ಕಾಣುತ್ತದೆ. ಮಗಳು ರಂಗೋಲಿ ಪುಸ್ತಕ ತಂದು ಚುಕ್ಕಿ ಸಾಲಿನ ಮೇಲೂ ಮಾಡಿ ನೋಡಿದಳು. ಚುಕ್ಕಿಗಳ ನಡುವೆ ಬಿಡುವು ಬಿದ್ದಂತೆ ಅವಳಿಗೆ ಅನಿಸಲೇ ಇಲ್ಲ.

ಸುತ್ತ ಕಾಣುವುದನ್ನು ನೋಡಿ ಮಿದುಳೇ ತೂತನ್ನು ತುಂಬಿಬಿಡುತ್ತದೆ. ಇದು ಸುಮ್ನೆ ಊಹೆಯಲ್ಲ, ಮಿದುಳಿನಲ್ಲಿ ನಿಜವಾಗಿ ನಡೆಯುವ ಕೆಲಸ. ಜಪಾನಿನ ಹಿದೆಹಿಕೊ ಕೊಮಾತ್ಸು ಅವರ ತಂಡ 2000ರಲ್ಲಿ ಕೋತಿಗಳ ಮೇಲೆ ಇದನ್ನು ತೋರಿಸಿತು. ತಲೆಯ ಹಿಂಭಾಗದಲ್ಲಿ, ಕಣ್ಣಿನ ಸುದ್ದಿ ಮೊದಲು ಬಂದು ತಲುಪುವ ಮಿದುಳಿನ ಪದರದಲ್ಲಿ, ಕುರುಡು ಚುಕ್ಕೆಗೆ ಸೇರಿದ ಜಾಗದ ಕೆಲವು ನರಕೋಶಗಳು ಸುತ್ತಲಿನ ಬಣ್ಣ ನೋಡಿಯೇ ಮಿಡಿಯುತ್ತವೆ. 2017ರಲ್ಲಿ ಜರ್ಮನಿಯ ಬೆನೆಡಿಕ್ಟ್ ಎಹಿಂಗರ್ ಮತ್ತು ಪೀಟರ್ ಕೋನಿಗ್ ಅವರ ತಂಡ ಇನ್ನೂ ಮುಂದೆ ಹೋಯಿತು. ಗೆರೆಗೆರೆಯ ಎರಡು ವೃತ್ತ ತೋರಿಸಿ, ಇದರಲ್ಲಿ ಗೆರೆ ತುಂಡಾಗದೆ ಇರುವುದು ಯಾವುದು ಅಂತ ಜನರನ್ನು ಕೇಳಿತು. ಒಂದು ಪೂರ್ತಿ ಕಣ್ಣಿಗೆ ಬೀಳುತ್ತಿತ್ತು. ಇನ್ನೊಂದರ ನಡುಭಾಗ ಕುರುಡು ಚುಕ್ಕೆಯೊಳಗಿತ್ತು, ಅಲ್ಲಿ ಇದ್ದುದು ಮಿದುಳೇ ತುಂಬಿದ ಗೆರೆ. ಜನ ಹೆಚ್ಚು ಸಲ ನಂಬಿದ್ದು ತುಂಬಿದ ಗೆರೆಯನ್ನೇ.

ಇದನ್ನು ಓದಿದಾಗ ನನಗೆ ಅಮ್ಮನ ಹತ್ತು ವರ್ಷ ನೆನಪಾಯಿತು. ಗ್ಲಾಕೋಮಾದಲ್ಲಿ ಅದೇ ನರದ ಎಳೆಗಳು ಸಾಯುತ್ತಾ ಹೋಗುತ್ತವೆ. ಹೊಸ ತೂತುಗಳು ಬೀಳುತ್ತವೆ. ಅಮ್ಮ ಬಾಗಿಲ ಚೌಕಟ್ಟಿಗೆ ಭುಜ ತಾಗಿಸುತ್ತಿದ್ದರು, ಪಕ್ಕದಲ್ಲಿಟ್ಟ ಲೋಟ ಬೀಳಿಸುತ್ತಿದ್ದರು. "ನೋಡ್ಕೊಂಡು ನಡೀಬಾರ್ದಾ ಅಮ್ಮ" ಅಂತ ನಾನೇ ರೇಗಿದ್ದೇನೆ. "ಕಣ್ಣು ಚೆನ್ನಾಗೇ ಕಾಣುತ್ತಲ್ಲೇ" ಅನ್ನುತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಲಂಡನ್ನಿನ ಡೇವಿಡ್ ಕ್ರ್ಯಾಬ್ ಅವರ ತಂಡ 2013ರಲ್ಲಿ 50 ಜನ ಗ್ಲಾಕೋಮಾ ರೋಗಿಗಳಿಗೆ ಬೇರೆ ಬೇರೆ ಚಿತ್ರ ತೋರಿಸಿ, ನಿಮಗೆ ಕಾಣುವುದು ಯಾವ ಥರ ಅಂತ ಕೇಳಿತ್ತು. ಅಂಚೆಲ್ಲ ಕಪ್ಪಾದ ಸುರಂಗದ ಚಿತ್ರವನ್ನು ಒಬ್ಬರೂ ಆರಿಸಲಿಲ್ಲ.

ಹಾಗಾಗಿ ದಯವಿಟ್ಟು ಒಂದು ಮಾತು ಕೇಳಿ. ಮೇಲೆ ಹೇಳಿದ ಅಳತೆ ಕುತೂಹಲಕ್ಕೆ, ಕಲಿಯಲಿಕ್ಕೆ. ಗ್ಲಾಕೋಮಾ ಇದೆಯೋ ಇಲ್ಲವೋ ಅಂತ ಇದರಿಂದ ಗೊತ್ತಾಗುವುದಿಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದ್ದರೆ ನಿಮಗೂ ಬರುವ ಸಾಧ್ಯತೆ ಜಾಸ್ತಿ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ನರ ತೋರಿಸಿ, ಅವರು ಹೇಳಿದರೆ ಫೀಲ್ಡ್ ಟೆಸ್ಟ್ ಮಾಡಿಸಿ. ಹೋದ ನೋಟ ಮರಳುವುದಿಲ್ಲ. ಇರುವುದನ್ನು ಕಾಪಾಡಲು ಡ್ರಾಪ್ಸ್ ಇವೆ. ನಾನೂ ತೋರಿಸಿಕೊಂಡು ಬಂದೆ.

ಟೆಸ್ಟ್‌ಗೆ ಕೂರುವಾಗ ನಡುವಿನ ದೀಪ ಬಿಟ್ಟು ಬೆಳಕು ಹುಡುಕಲು ಹೋಗಬೇಡಿ. ರೆಪ್ಪೆ ಎಂದಿನಂತೆ ಬಡಿಯಬಹುದು. ಸುಸ್ತಾದರೆ ಹೇಳಿ, ನಿಲ್ಲಿಸುತ್ತಾರೆ. ಮಿನುಗುವ ಬೆಳಕುಗಳಲ್ಲಿ ಎಷ್ಟೋ ಬೆಳಕುಗಳು ಆರೋಗ್ಯವಂತ ಕಣ್ಣಿಗೂ ಕಾಣದಷ್ಟು ಮಂಕಾಗಿರುತ್ತವೆ, ಕಾಣುವ ಮಿತಿ ಎಲ್ಲಿದೆ ಅಂತ ಹುಡುಕುವುದೇ ಆ ಯಂತ್ರದ ಕೆಲಸ. ಅಮ್ಮನಿಗೆ ಇದು ಗೊತ್ತಿರಲಿಲ್ಲ. ಕಾಣದಿದ್ದರೆ ಫೇಲ್ ಅಂದುಕೊಂಡು, ಕಾಣದಿದ್ದಾಗಲೂ ಬಟನ್ ಒತ್ತುತ್ತಿದ್ದರು. ಈ ಸಲ ಹೋಗುವ ಮುಂಚೆ ಮೊಟ್ಟೆ ಆಕಾರದ ಹಾಳೆ ತೋರಿಸಿ ಎಲ್ಲ ಬಿಡಿಸಿ ಹೇಳಿದೆ. "ಹಾಗಾದ್ರೆ ಕಾಣ್ಲಿಲ್ಲ ಅಂದ್ರೆ ಸುಮ್ನಿರಬೇಕು, ಅಷ್ಟೇ ತಾನೆ?" ಅಂದರು. ಒಳಗಿನಿಂದ ಈ ಸಲ ಆ ಹುಡುಗಿಯ ದನಿ ಒಂದೇ ಒಂದು ಸಲ ಕೇಳಿಸಿತು: "ಅಜ್ಜಿ, ಮುಗೀತು. ಇನ್ನೊಂದು ಕಣ್ಣು."