ಆರ್ ಕಲಿಯೋಕೆ ಹೊರಟಿದೀರಾ? ಮೊದಲು ನಿಮ್ಮ ಎಕ್ಸೆಲ್ ಶೀಟ್ ತೆಗೀರಿ

ಥೀಸಿಸ್ ಸಬ್ಮಿಟ್ ಮಾಡೋ ಟೈಮ್ ಬಂತು ಅಂದ್ರೆ ನಂಗೆ ಜೂನಿಯರ್‌ಗಳ ಫೋನ್ ಶುರು. "ಅಕ್ಕಾ, ಗೈಡ್ ಆರ್‌ನಲ್ಲೇ ಅನಾಲಿಸಿಸ್ ಮಾಡು ಅಂತಿದಾರೆ, ಎರಡು ವಾರ ಇದೆ, ಎಲ್ಲಿಂದ ಶುರು ಮಾಡ್ಲಿ?" ಅಂತ. ಪ್ರತಿಯೊಬ್ರಿಗೂ ಅದದೇ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಒಂದೇ ಸಲ ಬರೆದು ಹಾಕ್ತಿದೀನಿ. ನಾನು ಸ್ಟ್ಯಾಟಿಸ್ಟಿಕ್ಸ್ ಓದಿದವಳಲ್ಲ, ಅಗ್ರಿ ಕಡೆಯವಳು, ರಾಗಿ ಪ್ಲಾಟ್ ಅಳತೆ ಮಾಡ್ಕೊಂಡು ಇದ್ದೋಳು, ಬೇರೆ ದಾರಿ ಇಲ್ದೆ ಕಲಿತಿದ್ದು. ಹಾಗಾಗಿ ಉದಾಹರಣೆ ಎಲ್ಲ ರಾಗಿದೇ ಬರತ್ತೆ, ನೀವು ಸೋಷಿಯಾಲಜಿ ಆಗ್ಲಿ ನರ್ಸಿಂಗ್ ಆಗ್ಲಿ, ನಿಮ್ಮ ಕಾಲಂ ಹೆಸರು ಹಾಕ್ಕೊಂಡು ಓದಿ. ಇನ್ನೊಂದು, ಕಮಾಂಡ್‌ಗಳನ್ನ ಫೋನಲ್ಲಿ ಹೇಳೋ ಥರ ಕನ್ನಡದಲ್ಲೇ ಬರ್ದಿದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ. ದೊಡ್ಡಕ್ಷರ ಸಣ್ಣಕ್ಷರ ಎರಡೂ ಆರ್‌ಗೆ ಬೇರೆ ಬೇರೆ, ಅದೊಂದು ನೆನಪಿರ್ಲಿ.

ಆರ್ ಅಂದ್ರೆ ಏನು ಅಂತ ಎರಡು ಮಾತು ಸಾಕು. ಡೇಟಾ ಇಟ್ಕೊಂಡು ಲೆಕ್ಕ, ಗ್ರಾಫ್ ಮಾಡೋ ಒಂದು ಪ್ರೋಗ್ರಾಮಿಂಗ್ ಲ್ಯಾಂಗ್ವೇಜು. ನ್ಯೂಜಿಲೆಂಡ್‌ನ ಆಕ್ಲೆಂಡ್ ಯೂನಿವರ್ಸಿಟಿಲಿ ರಾಸ್ ಇಹಾಕ, ರಾಬರ್ಟ್ ಜಂಟಲ್‌ಮನ್ ಅಂತ ಇಬ್ರು 1990ರ ದಶಕದಲ್ಲಿ ಮಾಡಿದ್ದು, ಇಬ್ರ ಹೆಸರೂ ಆರ್ ಇಂದಾನೇ ಶುರು, ಮೇಲಾಗಿ ಅದಕ್ಕೂ ಮುಂಚೆ ಬೆಲ್ ಲ್ಯಾಬ್ಸ್‌ನಲ್ಲಿ ಎಸ್ ಅನ್ನೋ ಲ್ಯಾಂಗ್ವೇಜ್ ಇತ್ತು, ಅದರ ಥರಾನೇ ಒಂದಕ್ಷರದ ಹೆಸರು, ಹಂಗಾಗಿ ಇದು ಆರ್ ಆಯ್ತು. 1.0.0 ವರ್ಷನ್ ಬಂದಿದ್ದು 2000ನೇ ಇಸವಿ ಫೆಬ್ರವರಿ 29ಕ್ಕೆ. ಪೂರ್ತಿ ಫ್ರೀ. ದುಡ್ಡು ಕೊಡ್ಬೇಕಾದ ಸಾಫ್ಟ್‌ವೇರ್‌ನ ಕ್ರ್ಯಾಕ್ ವರ್ಷನ್ ಪೆನ್‌ಡ್ರೈವಲ್ಲಿ ತಂದು ಹಾಕಿ ಲ್ಯಾಪ್‌ಟಾಪ್‌ಗೆ ವೈರಸ್ ಹಚ್ಕೊಳ್ಳೋ ಕರ್ಮ ಇಲ್ಲ.

ಇನ್‌ಸ್ಟಾಲ್ ಮಾಡೋದ್ರಲ್ಲೇ ಅರ್ಧ ಜನ ಎಡವೋದು. ಎರಡು ಐಟಮ್ ಬೇಕು: ಮೊದಲು ಕ್ರಾನ್ ಅನ್ನೋ ಸೈಟಿಂದ ಆರ್, ಆಮೇಲೆ ಆರ್‌ಸ್ಟುಡಿಯೋ. ಆರ್ ಅನ್ನೋದು ಎಂಜಿನ್, ಆರ್‌ಸ್ಟುಡಿಯೋ ಬರೀ ಸ್ಟೇರಿಂಗು ಸೀಟು. ಬರೀ ಆರ್‌ಸ್ಟುಡಿಯೋ ಹಾಕ್ಕೊಂಡು ಓಪನ್ನೇ ಆಗ್ತಿಲ್ಲ ಅಂತ ಫೋನ್ ಮಾಡ್ತಾರೆ. ಲ್ಯಾಪ್‌ಟಾಪ್ ತೀರಾ ಹಳೇದಾಗಿದ್ರೆ ಪಾಸಿಟ್ ಕ್ಲೌಡ್ ಅಂತ ಇದೆ, ಬ್ರೌಸರ್‌ನಲ್ಲೇ ನಡಿಯತ್ತೆ, ಕಲಿಯೋಕೆ ಫ್ರೀ ಅಕೌಂಟ್ ಸಾಕು.

ಓಪನ್ ಆದ್ಮೇಲೆ ಕೆಳಗಡೆ ಕನ್ಸೋಲ್ ಕಾಣತ್ತೆ, ಎಲ್ರೂ ಅಲ್ಲೇ ಟೈಪ್ ಮಾಡೋಕೆ ಶುರು ಮಾಡ್ತಾರೆ. ಬೇಡ. ಫೈಲ್ ಮೆನುಲಿ ಹೊಸ ಸ್ಕ್ರಿಪ್ಟ್ ತಗೊಳ್ಳಿ, ಅದರಲ್ಲಿ ಬರೀರಿ, ಕಂಟ್ರೋಲ್ ಎಂಟರ್ ಒತ್ತಿದ್ರೆ ಆ ಲೈನ್ ಓಡತ್ತೆ. ಕನ್ಸೋಲಲ್ಲಿ ಬರೆದಿದ್ದು ನೀರಲ್ಲಿ ಬರೆದ ಹಾಗೆ, ಮೂರು ತಿಂಗಳು ಬಿಟ್ಟು ಎಕ್ಸಾಮಿನರ್ ಕರೆಕ್ಷನ್ ಹೇಳಿದಾಗ ಏನ್ ಮಾಡಿದ್ದೆ ಅಂತ ನಿಮಗೇ ಗೊತ್ತಿರಲ್ಲ. ಕ್ಲೋಸ್ ಮಾಡುವಾಗ ವರ್ಕ್‌ಸ್ಪೇಸ್ ಸೇವ್ ಮಾಡ್ಲಾ ಅಂತ ಕೇಳಿದ್ರೆ ಬೇಡ ಅನ್ನಿ, ಸೇವ್ ಆಗ್ಬೇಕಿರೋದು ಸ್ಕ್ರಿಪ್ಟು.

ಪ್ಯಾಕೇಜ್, ಅಂದ್ರೆ ಬೇರೆಯವ್ರು ಬರೆದಿಟ್ಟಿರೋ ರೆಡಿ ಫಂಕ್ಷನ್‌ಗಳ ಕಟ್ಟು, ಅದರ ವಿಷಯಾನೂ ಇಲ್ಲೇ ಹೇಳ್ಬಿಡ್ತೀನಿ. ಇನ್‌ಸ್ಟಾಲ್ ಡಾಟ್ ಪ್ಯಾಕೇಜಸ್ ಅನ್ನೋದು ಅಂಗಡಿಯಿಂದ ಸಾರಿನ ಪುಡಿ ತಂದಿಟ್ಟ ಹಾಗೆ, ಒಂದು ಸಲ ಸಾಕು. ಲೈಬ್ರರಿ ಅನ್ನೋದು ಡಬ್ಬಿ ಮುಚ್ಚಳ ತೆಗಿಯೋದು, ಅಡುಗೆ ಮಾಡೋವಾಗೆಲ್ಲ ತೆಗೀಲೇಬೇಕು. ಮೊದಲನೇದ್ರಲ್ಲಿ ಹೆಸರಿಗೆ ಕೋಟ್ಸ್ ಬೇಕು, ಎರಡನೇದ್ರಲ್ಲಿ ಇಲ್ದಿದ್ರೂ ನಡಿಯತ್ತೆ. ಕುಡ್ ನಾಟ್ ಫೈಂಡ್ ಫಂಕ್ಷನ್ ಅಂತ ಬಂದ್ರೆ ಹತ್ತಕ್ಕೆ ಎಂಟು ಸಲ ಮುಚ್ಚಳ ತೆಗೆದಿಲ್ಲ, ಇಲ್ಲಾ ಸ್ಪೆಲ್ಲಿಂಗ್ ತಪ್ಪು.

ಈಗ ಅಸಲಿ ವಿಷಯ. ಯೂಟ್ಯೂಬಲ್ಲಿ ಎಲ್ಲ ಕೋರ್ಸೂ ರೆಡಿಮೇಡ್ ಡೇಟಾ ಇಟ್ಕೊಂಡು ಚೆಂದದ ಗ್ರಾಫ್ ಮಾಡಿ ತೋರಿಸ್ತವೆ, ನೋಡೋಕೆ ಖುಷಿ, ನಿಮ್ಮ ಶೀಟ್ ಹಾಕಿದ ತಕ್ಷಣ ಎಲ್ಲ ಕೆಂಪು ಕೆಂಪು. ಯಾಕಂದ್ರೆ ಕಷ್ಟ ಇರೋದು ಆರ್‌ನಲ್ಲೂ ಅಲ್ಲ, ಲೆಕ್ಕದಲ್ಲೂ ಅಲ್ಲ, ನಾವು ಎಕ್ಸೆಲ್ ತುಂಬಿರೋ ರೀತಿಲಿ. ನನ್ನ ಕೇಳಿದ್ರೆ ಮೊದಲ ವಾರ ಪೂರ್ತಿ ಇದಕ್ಕೇ ಕೊಡಿ.

ಶೀಟಲ್ಲಿ ಮೊದಲ ಸಾಲು ಕಾಲಂ ಹೆಸರು, ಅದರ ಕೆಳಗೆ ಒಂದು ಪ್ಲಾಟ್‌ಗೆ ಒಂದೇ ಸಾಲು, ಅಷ್ಟೇ. ಮೇಲೆ ಕಾಲೇಜ್ ಹೆಸರು, ಮರ್ಜ್ ಮಾಡಿದ ಸೆಲ್ಲು, ಕೊನೇಲಿ ಟೋಟಲ್, ಡೌಟ್ ಇರೋದಕ್ಕೆ ಹಳದಿ ಬಣ್ಣ, ಇದೆಲ್ಲ ತೆಗೀರಿ. ಆರ್‌ಗೆ ಕೊಡೋದು ಸಿಎಸ್‌ವಿ, ಅಂದ್ರೆ ಕಾಲಂಗಳ ಮಧ್ಯೆ ಕಾಮಾ ಇರೋ ಬರೀ ಅಕ್ಷರದ ಫೈಲು, ಅದನ್ನ ಓದಿದ್ರೆ ಬಣ್ಣ ಆರ್‌ಗೆ ಕಾಣೋದೇ ಇಲ್ಲ, ಟೋಟಲ್ ಸಾಲನ್ನ ಇನ್ನೊಂದು ಪ್ಲಾಟ್ ಅನ್ಕೊಳತ್ತೆ. ಆಮೇಲೆ ಎಕ್ಸೆಲ್‌ನಲ್ಲಿ ಸಿಎಸ್‌ವಿ ಯುಟಿಎಫ್-8 ಅಂತ ಸೇವ್ ಮಾಡಿ, ಊರಿನ ಹೆಸರು ಗೀಸರು ಕನ್ನಡದಲ್ಲಿ ಬರ್ದಿದ್ರಂತೂ ಇದೇ ಆಪ್ಷನ್ ಬೇಕು. ವಿಂಡೋಸಲ್ಲಿ 2022ಕ್ಕಿಂತ ಹಳೇ ಆರ್ ಇದ್ರೆ ಕನ್ನಡ ಅಕ್ಷರದ ಬದಲು ಯು ಪ್ಲಸ್ ಅಂತ ಏನೇನೋ ಕೋಡ್ ಬರೋದು, 4.2.0 ವರ್ಷನ್ನಿಂದ ಆ ತೊಂದರೆ ಮಟ್ಟಿಗೆ ನೆಮ್ಮದಿ. ಹಳೇದಿದ್ರೆ ಅಪ್‌ಡೇಟ್ ಮಾಡ್ಕೊಳ್ಳಿ.

ಫೈಲ್ ಓದಿಸೋದು ರೀಡ್ ಡಾಟ್ ಸಿಎಸ್‌ವಿ. ಇಲ್ಲೊಂದು ಗುಂಡಿ ಇದೆ. ವಿಂಡೋಸಿಂದ ಪಾತ್ ಕಾಪಿ ಮಾಡಿದ್ರೆ ಸಿ ಕೋಲನ್ ಬ್ಯಾಕ್‌ಸ್ಲ್ಯಾಶ್ ಯೂಸರ್ಸ್ ಅಂತ ಬರತ್ತೆ, ಆರ್‌ಗೆ ಬ್ಯಾಕ್‌ಸ್ಲ್ಯಾಶ್ ಪಕ್ಕ ಯು ಬಂದ್ರೆ ಅದೊಂದು ಯೂನಿಕೋಡ್ ಅಕ್ಷರದ ನಂಬರ್ ಇರ್ಬೇಕು ಅನ್ಸತ್ತೆ, ಹೆಕ್ಸ್ ಡಿಜಿಟ್ಸ್ ಎಲ್ಲಿ ಅಂತ ಬೈಯತ್ತೆ. ನಾನಂತೂ ಮೊದಲ ದಿನ ಇದನ್ನ ನೋಡಿ ಲ್ಯಾಪ್‌ಟಾಪೇ ಹಾಳಾಯ್ತು ಅನ್ಕೊಂಡಿದ್ದೆ. ಎಲ್ಲ ಸ್ಲ್ಯಾಶನ್ನೂ ಮುಂದಕ್ಕೆ ವಾಲಿರೋ ಸ್ಲ್ಯಾಶ್ ಮಾಡಿ, ಮುಗೀತು. ಇನ್ನೂ ಸಲೀಸು ಅಂದ್ರೆ ಆರ್‌ಸ್ಟುಡಿಯೋಲಿ ಹೊಸ ಪ್ರಾಜೆಕ್ಟ್ ಮಾಡಿ ಆ ಫೋಲ್ಡರಲ್ಲೇ ಫೈಲ್ ಇಡಿ, ಬರೀ ಫೈಲ್ ಹೆಸರು ಕೊಟ್ರೆ ಸಾಕು. ವಾಟ್ಸಾಪ್‌ನಿಂದ, ವರ್ಡ್‌ನಿಂದ ಕೋಡ್ ಕಾಪಿ ಮಾಡುವಾಗ ಬಾಗಿರೋ ಕೋಟ್ಸ್ ಬಂದಿರತ್ತೆ, ಅದನ್ನೂ ಅಳಿಸಿ ಕೀಬೋರ್ಡಿಂದ ಹಾಕಿ. ಎಂಟರ್ ಒತ್ತಿದ್ರೂ ಏನೂ ಆಗ್ದೆ ಬರೀ ಪ್ಲಸ್ ಚಿಹ್ನೆ ಬರ್ತಿದ್ರೆ ಎಲ್ಲೋ ಬ್ರಾಕೆಟ್ಟೋ ಕೋಟ್ಸೋ ಮುಚ್ಚಿಲ್ಲ, ಎಸ್ಕೇಪ್ ಒತ್ತಿ ಹೊರಗೆ ಬನ್ನಿ.

ಫೈಲ್ ಒಳಗೆ ಬಂತಾ? ತಕ್ಷಣ ಎಸ್‌ಟಿಆರ್ ಬ್ರಾಕೆಟ್ ಒಳಗೆ ನಿಮ್ಮ ಡೇಟಾ ಹೆಸರು. ನಾನು ದಿನಾ ಬಳಸೋ ಕಮಾಂಡ್ ಇದು, ಯಾವ ಕಾಲಂ ಏನು ಜಾತಿ ಅಂತ ಹೇಳತ್ತೆ. ಇಳುವರಿ ಕಾಲಂ ಮುಂದೆ ನಮ್ ಅಂತಾನೋ ಇಂಟ್ ಅಂತಾನೋ ಇರ್ಬೇಕು, ಎರಡೂ ನಂಬರ್ ಅಂತ ಅರ್ಥ. ಸಿಎಚ್‌ಆರ್, ಅಂದ್ರೆ ಅಕ್ಷರ ಅಂತಿದ್ರೆ ಎಲ್ಲೋ ಒಬ್ಬ ಪುಣ್ಯಾತ್ಮ 23.5 ಅಂತ ಬರೆಯೋ ಕಡೆ 23.5 ಕೆಜಿ ಅಂತ ಬರ್ದಿದಾನೆ. ಇನ್ನೂರು ಸಾಲಲ್ಲಿ ಒಂದೇ ಒಂದು ಸೆಲ್ ಹಂಗಿದ್ರೂ ಇಡೀ ಕಾಲಂ ಅಕ್ಷರ ಆಗ್ಬಿಡತ್ತೆ, ಆವರೇಜ್ ಬರಲ್ಲ. 1,25,000 ಅಂತ ಕಾಮಾ ಹಾಕಿದ್ರೂ ಇದೇ ಕಥೆ. ಆ ಸೆಲ್ ಹುಡುಕೋಕೆ ಕಾಲಮನ್ನ ಆಸ್ ಡಾಟ್ ನ್ಯೂಮೆರಿಕ್‌ಗೆ ಹಾಕಿ, ಯಾವ್ಯಾವ್ದು ಎನ್‌ಎ (ಬೆಲೆ ಇಲ್ಲ ಅಂತ ಆರ್ ಹಾಕೋ ಗುರುತು) ಆಗತ್ತೋ ಅಲ್ಲಿ ಮೂಲ ಶೀಟ್ ನೋಡಿ.

ಆಮೇಲೆ ಟೇಬಲ್ ಅನ್ನೋ ಕಮಾಂಡ್, ತಳಿ ಕಾಲಂ ಮೇಲೆ. ನಾನು ಹಾಕಿದ್ದು ಜಿಪಿಯು-28, ಎಂಎಲ್-365 ಅಂತ ಎರಡೇ ತಳಿ, ಟೇಬಲ್ ತೋರಿಸಿದ್ದು ಐದು. ಜಿಪಿಯು-28, ಜಿಪಿಯು 28, ಜಿಪಿಯು28, ಎಂಎಲ್-365, ಇನ್ನೊಂದು ನೋಡೋಕೆ ಪಕ್ಕಾ ಎಂಎಲ್-365ನೇ, ಆದ್ರೆ ಕೊನೇಲಿ ಒಂದು ಸ್ಪೇಸ್! ಕಣ್ಣಿಗೆ ಕಾಣದ ಸ್ಪೇಸಿಗೆ ನಾನು ಒಂದು ಸಂಜೆ ಪೂರ್ತಿ ಕಳ್ಕೊಂಡಿದೀನಿ. ಟ್ರಿಮ್‌ಡಬ್ಲ್ಯುಎಸ್ ಅಂತ ಫಂಕ್ಷನ್ ಇದೆ, ಹಿಂದೆ ಮುಂದೆ ಇರೋ ಸ್ಪೇಸ್ ಕತ್ತರಿಸತ್ತೆ.

ನಂಬರ್ ಕಾಲಮಲ್ಲಿ ಖಾಲಿ ಸೆಲ್ ಅಂದ್ರೆ ಎನ್‌ಎ. ಇದನ್ನ ಅಭ್ಯಾಸ ಮಾಡೋಕೆ ಆರ್ ಜೊತೆಗೇ ಬರೋ ಏರ್‌ಕ್ವಾಲಿಟಿ ಅನ್ನೋ ಡೇಟಾ ಚೆನ್ನಾಗಿದೆ, ನ್ಯೂಯಾರ್ಕ್‌ನಲ್ಲಿ 1973ರ ಮೇಯಿಂದ ಸೆಪ್ಟೆಂಬರ್ ತನಕ 153 ದಿನದ ಗಾಳಿ ಲೆಕ್ಕ. ಓಝೋನ್ ಕಾಲಂ ಮೀನ್, ಅಂದ್ರೆ ಆವರೇಜ್ ಕೇಳಿ, ಎನ್‌ಎ ಅಂತ ಬರತ್ತೆ. ಅದು ಎರರ್ ಅಲ್ಲ ಮಾರಾಯ್ರೆ, 37 ದಿನದ ಅಳತೆ ಇಲ್ಲ, ಗೊತ್ತಿಲ್ಲದ್ದನ್ನ ಸೇರಿಸಿ ಆವರೇಜ್ ಹೇಳೋಕಾಗಲ್ಲ ಅಂತ ಅದು ಪ್ರಾಮಾಣಿಕವಾಗಿ ಹೇಳ್ತಿದೆ. ಬ್ರಾಕೆಟ್ ಒಳಗೆ ಕಾಮಾ ಹಾಕಿ ಎನ್‌ಎ ಡಾಟ್ ಆರ್‌ಎಂ ಈಕ್ವಲ್ ಟು ಟ್ರೂ ಅನ್ನಿ, ಟ್ರೂ ಪೂರ್ತಿ ದೊಡ್ಡಕ್ಷರ, 42.13 ಬರತ್ತೆ. ಖಾಲಿ ಕಡೆ ಸೊನ್ನೆ ತುಂಬೋ ಚಾಳಿ ಮಾತ್ರ ಬೇಡ. ದನ ನುಗ್ಗಿ ಮೇಯ್ದ ಪ್ಲಾಟಿಗೆ ಇಳುವರಿ ಸೊನ್ನೆ ಅಂತ ಬರೆದ್ರೆ ಅದು ತಳಿಯ ತಪ್ಪಾಗತ್ತೆ.

ಇಷ್ಟೆಲ್ಲ ಎರರ್ ಬಂದ್ರೆ ಗೊತ್ತಾದ್ರೂ ಆಗತ್ತೆ. ಎರರ್ರೇ ಬರ್ದೆ ತಪ್ಪು ಉತ್ತರ ಬರೋದಿದೆ ನೋಡಿ, ಅದು ಭಯ. ನಂದೇ ಹೇಳ್ತೀನಿ. ಆರ್‌ಬಿಡಿ ಡಿಸೈನು, ಅಂದ್ರೆ ಹೊಲಾನ ಬ್ಲಾಕ್ ಮಾಡಿ ಪ್ರತಿ ಬ್ಲಾಕಲ್ಲೂ ಎಲ್ಲ ಟ್ರೀಟ್‌ಮೆಂಟನ್ನೂ ಚೀಟಿ ಎತ್ತಿದ ಹಾಗೆ ಹಂಚೋದು. 7 ಟ್ರೀಟ್‌ಮೆಂಟ್, 3 ರೆಪ್ಲಿಕೇಷನ್ (ಅಂಥ ಬ್ಲಾಕ್ ಮೂರು), ಒಟ್ಟು 21 ಪ್ಲಾಟ್. ಶೀಟಲ್ಲಿ ಟ್ರೀಟ್‌ಮೆಂಟ್ ಕಾಲಮಲ್ಲಿ 1, 2, 3 ಅಂತ ನಂಬರ್, ರೆಪ್ಲಿಕೇಷನ್ನಿಗೂ ನಂಬರ್. ಟ್ರೀಟ್‌ಮೆಂಟ್‌ಗಳ ಆವರೇಜ್ ನಿಜವಾಗ್ಲೂ ಬೇರೆ ಬೇರೆನಾ ಅಂತ ನೋಡೋ ಅನೋವಾ ಲೆಕ್ಕಕ್ಕೆ ಎಒವಿ ಬ್ರಾಕೆಟ್ ಒಳಗೆ ಇಳುವರಿ, ಎಸ್ಕೇಪ್ ಕೀ ಕೆಳಗಿರೋ ಅಲೆ ಥರದ ಟಿಲ್ಡೆ, ಟ್ರೀಟ್‌ಮೆಂಟ್ ಪ್ಲಸ್ ರೆಪ್ಲಿಕೇಷನ್, ಕಾಮಾ ಡೇಟಾ. ಸಮ್ಮರಿ ಕೇಳಿದೆ, ಸ್ಟಾರ್ ಬಂತು, ಸಿಗ್ನಿಫಿಕೆಂಟ್ ಅಂತ ಕುಣಿದಾಡ್ಕೊಂಡು ಗೈಡ್ ಹತ್ರ ಹೋದೆ. ಅವರು ಆ ಸ್ಟಾರ್ ಕೊಡಿಸೋ ಪಿ ವ್ಯಾಲ್ಯೂ ನೋಡ್ಲೇ ಇಲ್ಲ. ಡಿಎಫ್ (ಡಿಗ್ರೀಸ್ ಆಫ್ ಫ್ರೀಡಂ, ಗುಂಪಿನ ಸಂಖ್ಯೆಗಿಂತ ಒಂದು ಕಮ್ಮಿ ಬರ್ಬೇಕು) ಕಾಲಂ ಮೇಲೆ ಪೆನ್ ಇಟ್ಟು, "ಏಳು ಟ್ರೀಟ್‌ಮೆಂಟ್ ಹಾಕಿದೀಯ, ಇಲ್ಲಿ ಒಂದು ಅಂತಿದೆಯಲ್ಲಮ್ಮ?" ಅಂದ್ರು.

ಆಗಿದ್ದೇನು ಅಂದ್ರೆ, 1 ರಿಂದ 7 ಅನ್ನೋದು ಬರೀ ಹೆಸರು ಅಂತ ನಂಗೆ ಗೊತ್ತು, ಆರ್‌ಗೆ ಗೊತ್ತಿಲ್ಲ. ಅದು ಗೊಬ್ಬರದ ಕೆಜಿ ಥರ ಅಳತೆ ಅನ್ಕೊಂಡು ಏಳರ ಮೇಲೂ ಒಂದು ನೇರ ಗೆರೆ ಎಳೆದುಬಿಡ್ತು. ಹಾಗಾಗಿ ಟ್ರೀಟ್‌ಮೆಂಟಿಗೆ 1, ರೆಪ್ಲಿಕೇಷನ್ನಿಗೆ 1, ಉಳಿದಿದ್ದು 18. ಸರಿಯಾದ ಲೆಕ್ಕ 7ರಲ್ಲಿ ಒಂದು ಕಳೆದು 6, 3ರಲ್ಲಿ ಒಂದು ಕಳೆದು 2, ಒಟ್ಟು 20ರಲ್ಲಿ ಉಳಿದಿದ್ದು 12. ಮಾಡ್ಬೇಕಿದ್ದಿದ್ದು ಇಷ್ಟೇ, ಎಒವಿಗೆ ಮುಂಚೆ ಎರಡೂ ಕಾಲಮನ್ನ ಫ್ಯಾಕ್ಟರ್ ಅನ್ನೋ ಫಂಕ್ಷನ್ನಿಗೆ ಹಾಕಿ ವಾಪಸ್ ಅದೇ ಹೆಸರಲ್ಲಿ ಇಟ್ಕೊಳ್ಳೋದು. ಇಲ್ಲಾ ಶೀಟಲ್ಲೇ ಟಿ1, ಟಿ2, ಆರ್1, ಆರ್2 ಅಂತ ಬರೀರಿ, ತಲೆನೋವೇ ಇಲ್ಲ. ಈಗ ಚಾಟ್‌ಜಿಪಿಟಿ ಕೇಳಿದ್ರೆ ಕೋಡ್ ಬರೆದು ಕೊಡತ್ತೆ, ತಗೊಳ್ಳಿ, ತಪ್ಪಿಲ್ಲ. ಆದ್ರೆ ನನ್ನ ತಪ್ಪು ಕೋಡ್ ಕೂಡ ಚೆನ್ನಾಗೇ ಓಡಿತ್ತಲ್ಲ? ಡಿಎಫ್ ಎಷ್ಟು ಬರ್ಬೇಕು ಅಂತ ಮೊದಲೇ ಪೇಪರಲ್ಲಿ ಬರೆದಿಟ್ಕೊಂಡು ಆಮೇಲೆ ರನ್ ಮಾಡಿ. ಟ್ರೀಟ್‌ಮೆಂಟ್ ಮಧ್ಯೆ ಯಾವ್ದು ಯಾವ್ದಕ್ಕಿಂತ ಮೇಲು ಅಂತ ನೋಡೋಕೆ ಅಗ್ರಿಕೊಲೆ ಅನ್ನೋ ಪ್ಯಾಕೇಜಲ್ಲಿ ಎಲ್‌ಎಸ್‌ಡಿ ಡಾಟ್ ಟೆಸ್ಟ್ ಇದೆ, ಎ ಬಿ ಸಿ ಅಂತ ಗುಂಪು ಮಾಡಿ ಕೊಡತ್ತೆ.

ಸ್ಟ್ಯಾಟಿಸ್ಟಿಕ್ಸ್ ನಮ್ಮಂಥ ಹೊಲದ ಕಡೆಯವ್ರಿಗೆ ಅಲ್ಲ ಅಂತ ಅಳೋರಿಗೆ ಒಂದು ಮಾತು. ಈ ಅನೋವಾ ಬೆಳೆದಿದ್ದೇ ಹೊಲದಲ್ಲಿ, ಇಂಗ್ಲೆಂಡಿನ ರೊತಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಅನ್ನೋ ಸ್ಟ್ಯಾಟಿಸ್ಟಿಷಿಯನ್ 1920ರ ದಶಕದಲ್ಲಿ ಬೆಳೆ ಪ್ಲಾಟ್‌ಗಳ ಲೆಕ್ಕ ಮಾಡ್ತಾ ಮಾಡ್ತಾ ರೂಪಿಸಿದ್ದು. ಅದೇ ಫಿಶರ್ ಹತ್ರ ಕೇಂಬ್ರಿಡ್ಜಲ್ಲಿ ಪಿಎಚ್‌ಡಿ ಮಾಡಿದ, ಸ್ಟ್ಯಾಟಿಸ್ಟಿಕ್ಸಲ್ಲಿ ದೊಡ್ಡ ಹೆಸರಾದ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಲಿ, 1920ರಲ್ಲಿ.

ಎರಡನೇ ವಾರ ಗ್ರಾಫ್‌ಗೆ ಹೋಗಿ. ಜಿಜಿಪ್ಲಾಟ್2 ಅನ್ನೋ ಗ್ರಾಫ್ ಪ್ಯಾಕೇಜ್ ಕಲಿತ್ರೆ ಸಾಕು, ಬಾಕ್ಸ್‌ಪ್ಲಾಟ್ ಒಂದು ಬಂದ್ರೆ ಥೀಸಿಸ್‌ಗೆ ಮುಕ್ಕಾಲು ಪಾಲು ಕೆಲ್ಸ ಆಯ್ತು. ಫಾರ್ ಲೂಪ್, ಮೆಷಿನ್ ಲರ್ನಿಂಗ್, ಸರ್ಟಿಫಿಕೇಟ್ ಕೋರ್ಸು ಇದ್ಯಾವ್ದೂ ಈಗ ಬೇಡ. ದಿನಾ ಮಲಗೋ ಮುಂಚೆ ಒಂದು ಕೆಲ್ಸ ಮಾಡಿ, ಸೆಷನ್ ಮೆನುಲಿ ರೀಸ್ಟಾರ್ಟ್ ಆರ್ ಒತ್ತಿ ಸ್ಕ್ರಿಪ್ಟನ್ನ ಮೊದಲನೇ ಲೈನಿಂದ ಕೊನೇ ತನಕ ಓಡಿಸಿ. ಮಧ್ಯದಲ್ಲಿ ನಿಂತ್ರೆ ಏನೋ ಒಂದನ್ನ ಕನ್ಸೋಲಲ್ಲಿ ಮಾಡಿ ಸ್ಕ್ರಿಪ್ಟಿಗೆ ಹಾಕೋದು ಮರ್ತಿದೀರ, ಆಗಲೇ ಹಾಕ್ಬಿಡಿ.

ಇಷ್ಟಾದ್ಮೇಲೂ ಸಿಕ್ಕಾಕ್ಕೊಂಡ್ರೆ ಫೋನ್ ಮಾಡಿ, ಪರ್ವಾಗಿಲ್ಲ. ಆದ್ರೆ ಸ್ಕ್ರೀನ್‌ನ ಸೊಟ್ಟಗೆ ಮೊಬೈಲಲ್ಲಿ ಫೋಟೋ ಹೊಡೆದು, ಅದರಲ್ಲಿ ಟ್ಯೂಬ್‌ಲೈಟ್ ಬೆಳಕು ಬಿಟ್ರೆ ಏನೂ ಕಾಣ್ದೆ, "ಅಕ್ಕಾ ಬರ್ತಿಲ್ಲ" ಅಂತ ಮಾತ್ರ ಕಳಿಸ್ಬೇಡಿ. ಎರರ್ ಮೆಸೇಜ್ ಕಾಪಿ ಮಾಡಿ, ಅದಕ್ಕಿಂತ ಮೇಲಿನ ನಾಲ್ಕು ಲೈನ್ ಕೋಡ್, ಎಸ್‌ಟಿಆರ್ ಔಟ್‌ಪುಟ್, ಈ ಮೂರೂ ಟೆಕ್ಸ್ಟ್ ಆಗಿ ಕಳಿಸಿ.